ಅಂಗೈ ಕಂಪ್ಯೂಟರಿನಲ್ಲಿ ಒಂದು ಕಾದಂಬರಿ

ಕೇಳುಗರಿಗೆ ನಮಸ್ಕಾರ.

ಫೋನಿನಲ್ಲಿ ಪುಸ್ತಕ ಓದುವುದು ಈಗ ಯಾರಿಗೂ ಸುದ್ದಿಯಲ್ಲ. ಫೋನು ಇಷ್ಟು ಜಾಣ ಆಗುವ ಮೊದಲೇ ಕೆಲವರು ಅಂಗೈಯಗಲದ ಕಂಪ್ಯೂಟರಿನಲ್ಲಿ ಇಡೀ ಕಾದಂಬರಿಗಳನ್ನು ಓದಿ ಮುಗಿಸುತ್ತಿದ್ದರು. ಅದಕ್ಕೆ ಅವರಿಗೆ ಬೇಕಾಗಿದ್ದದ್ದು ಟೆಕ್ಸ್ಟ್ ಫೈಲ್ ತೋರಿಸುವ ಒಂದು ಪುಟ್ಟ ಪ್ರೋಗ್ರಾಮು, ಅಷ್ಟೇ. ಆದರೆ ಆ ಪುಟ್ಟ ಪ್ರೋಗ್ರಾಮಿನ ಹಿಂದೆ ಎಷ್ಟು ತಲೆ ಓಡಿತ್ತು ಅನ್ನುವುದೇ ಇವತ್ತಿನ ಮಾತು.

1996ರ ಮಾರ್ಚಿನಲ್ಲಿ ಪೈಲಟ್ ಎಂಬ ಅಂಗೈ ಕಂಪ್ಯೂಟರ್ ಮಾರಾಟಕ್ಕೆ ಬಂತು. ಆಮೇಲೆ ಪಾಮ್ ಪೈಲಟ್, ಕೊನೆಗೆ ಬರೀ ಪಾಮ್ ಅಂತ ಹೆಸರಾದದ್ದು ಇದೇ. ಅಂಗಿ ಜೇಬಿನಲ್ಲಿ ಹಿಡಿಸುತ್ತಿತ್ತು. ಎರಡು ಸಣ್ಣ ಬ್ಯಾಟರಿ ಹಾಕಿದರೆ ವಾರಗಟ್ಟಲೆ ಓಡುತ್ತಿತ್ತು. ಅದರೊಳಗೆ ಫೋನ್ ನಂಬರು, ದಿನಚರಿ, ಮಾಡಬೇಕಾದ ಕೆಲಸಗಳ ಪಟ್ಟಿ, ಟಿಪ್ಪಣಿ ಬರೆಯಲು ಮೆಮೊ ಪ್ಯಾಡ್ ಇದ್ದವು. ಪುಸ್ತಕ ಓದಲು ಏನೂ ಇರಲಿಲ್ಲ.

ಮೆಮೊ ಪ್ಯಾಡಿನಲ್ಲೇ ಓದಬಹುದಲ್ವಾ ಅಂತ ನೀವು ಕೇಳಬಹುದು. ಓದಬಹುದಿತ್ತು. ಆದರೆ ಒಂದು ಮೆಮೊಗೆ 4 ಕಿಲೋಬೈಟಿನ ಮಿತಿ. ಇಂಗ್ಲಿಷಿನಲ್ಲಿ ಅದು ಸುಮಾರು 700 ಪದ. ಒಂದು ಕಾದಂಬರಿಯನ್ನು ಹೀಗೆ ತುಂಡು ಮಾಡುತ್ತ ಹೋದರೆ ನೂರಕ್ಕಿಂತ ಜಾಸ್ತಿ ಮೆಮೊ ಆಗುತ್ತದೆ. ಅದನ್ನು ಯಾರು ಓದುತ್ತಾರೆ!

ಜಾಗದ ಕಷ್ಟ ಇನ್ನೂ ದೊಡ್ಡದು. ಪೈಲಟ್ 1000ದಲ್ಲಿ 128 ಕಿಲೋಬೈಟ್, ಪೈಲಟ್ 5000ದಲ್ಲಿ 512 ಕಿಲೋಬೈಟ್ ಜಾಗ ಇತ್ತು. 80 ಸಾವಿರ ಪದಗಳ ಇಂಗ್ಲಿಷ್ ಕಾದಂಬರಿಯೊಂದನ್ನು ತೆಗೆದುಕೊಳ್ಳಿ. ಪದಗಳ ನಡುವಿನ ಖಾಲಿ ಜಾಗವೂ ಸೇರಿ ಪದಕ್ಕೆ ಆರು ಅಕ್ಷರ ಅಂತ ಹಿಡಿದರೆ 480 ಸಾವಿರ ಬೈಟ್. ದೊಡ್ಡ ಮಾದರಿಯಲ್ಲೂ ಆ ಒಂದು ಕಾದಂಬರಿ ಕೂತರೆ ಬೇರೆ ಯಾವುದಕ್ಕೂ ಜಾಗ ಇಲ್ಲ.

ಇದಕ್ಕೆ ದಾರಿ ಮಾಡಿದ್ದು ರಿಕ್ ಬ್ರಾಮ್ ಎಂಬವರು ಬರೆದ ಡಾಕ್ ಎಂಬ ಪ್ರೋಗ್ರಾಮು. ಮುಂದೆ ಅದು ಅಪೋರ್ಟಿಸ್ ಡಾಕ್ ಆಯಿತು. ಈಗ ಆಫೀಸುಗಳಲ್ಲಿ ಓಡಾಡುವ ಡಾಕ್ ಫೈಲಿಗೂ ಇದಕ್ಕೂ ಸಂಬಂಧ ಇಲ್ಲ. ಡಾಕ್ ಪುಸ್ತಕವನ್ನು ಹಿಂಡಿ ಚಿಕ್ಕದು ಮಾಡಿ ಇಟ್ಟುಕೊಳ್ಳುತ್ತಿತ್ತು. ಹಿಂಡುವ ಉಪಾಯ ನನಗೆ ತುಂಬಾ ಇಷ್ಟ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ಬೈಟ್ ಅಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ. ಇಂಗ್ಲಿಷಿನ ಮಾಮೂಲಿ ಅಕ್ಷರ, ಅಂಕಿ, ಚಿಹ್ನೆ ಎಲ್ಲಾ 128ರ ಒಳಗೇ ಮುಗಿದುಹೋಗುತ್ತವೆ. ಮೇಲಿನ ಅರ್ಧ ಸುಮ್ನೆ ಬಿದ್ದಿರುತ್ತದೆ. ಡಾಕ್ ಆ ಅರ್ಧಕ್ಕೆ ಕೆಲಸ ಕೊಟ್ಟಿತು. 192 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಬಂತು ಅಂದರೆ, ಒಂದು ಖಾಲಿ ಜಾಗ ಮತ್ತು ಅದರ ಬೆನ್ನಿಗೇ ಒಂದು ಅಕ್ಷರ ಎಂದರ್ಥ. ಪದಗಳ ಮುಂದೆ ಖಾಲಿ ಜಾಗ ಇದ್ದೇ ಇರುತ್ತದಲ್ಲ, ಹಾಗಾಗಿ ಬಹುಪಾಲು ಪದಗಳಿಗೆ ಒಂದೊಂದು ಬೈಟ್ ಉಳಿಯಿತು. ಸಂಖ್ಯೆ 128ರಿಂದ 191ರ ಒಳಗಿದ್ದರೆ, ಅದೂ ಅದರ ಮುಂದಿನ ಬೈಟೂ ಸೇರಿ ಒಂದು ಅಪ್ಪಣೆ ಕೊಡುತ್ತವೆ: ಇಷ್ಟು ಅಕ್ಷರ ಹಿಂದಕ್ಕೆ ಹೋಗು, ಅಲ್ಲಿಂದ ಇಷ್ಟು ಅಕ್ಷರ ತಂದು ಇಲ್ಲಿ ಹಾಕು. ಹಿಂದಕ್ಕೆ ಹೋಗುವುದು ಹೆಚ್ಚೆಂದರೆ 2047 ಅಕ್ಷರ, ಒಮ್ಮೆಗೆ ತರುವುದು 3ರಿಂದ 10. ಕಥೆಯಲ್ಲಿ ಒಬ್ಬಳ ಹೆಸರು ಮತ್ತೆ ಮತ್ತೆ ಬರುತ್ತಿದ್ದರೆ ಪ್ರತಿ ಸಲ ಅದನ್ನು ಪೂರ್ತಿ ಬರೆದಿಡಬೇಕಾಗಿಲ್ಲ. ಇಷ್ಟರಿಂದಲೇ ಪುಸ್ತಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತಿತ್ತು.

ಇನ್ನೊಂದು ಜಾಣತನವೂ ಇತ್ತು. ಪುಸ್ತಕವನ್ನು 4096 ಅಕ್ಷರಗಳ ತುಂಡುಗಳಾಗಿ ಕತ್ತರಿಸಿ ಒಂದೊಂದನ್ನೂ ಬೇರೆಬೇರೆಯಾಗಿ ಹಿಂಡುತ್ತಿದ್ದರು. ಮಧ್ಯದ ಯಾವುದೋ ಪುಟಕ್ಕೆ ಹಾರಿದರೆ ಆ ತುಂಡನ್ನು ಮಾತ್ರ ಬಿಚ್ಚಿದರೆ ಸಾಕು. ಒಳಗಿದ್ದದ್ದು 16 ಮೆಗಾಹರ್ಟ್ಸಿನ ಚಿಪ್, ಈಗಿನ ಲೆಕ್ಕಕ್ಕೆ ತೀರಾ ನಿಧಾನದ್ದು. ಆದರೂ ಪುಟ ತಿರುವುವಾಗ ಕಾಯಬೇಕಾಗುತ್ತಿರಲಿಲ್ಲ.

ಕನ್ನಡಕ್ಕೆ ಈ ಉಪಾಯ ಒಗ್ಗುವುದಿಲ್ಲ, ನೋಡಿ. ಈಗ ನಾವು ಬಳಸುವ ಯೂನಿಕೋಡ್ ಫೈಲಿನಲ್ಲಿ ಸಾಮಾನ್ಯವಾಗಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು, ಮೂರೂ 128ರ ಮೇಲಿನವೇ. ಡಾಕ್ ಖಾಲಿ ಅಂದುಕೊಂಡ ಅರ್ಧದಲ್ಲೇ ನಮ್ಮ ಭಾಷೆ ಮನೆ ಮಾಡಿಕೊಂಡಿದೆ!

ಸರಿ, ಜಾಗ ಸಿಕ್ಕಿತು. ಓದಲು ಕೂತವರಿಗೆ ನಿಜವಾದ ತಲೆನೋವು ಶುರುವಾದದ್ದು ಸಾಲುಗಳಿಂದ. ಆಗ ಪುಕ್ಕಟೆ ಪುಸ್ತಕ ಬೇಕೆಂದವರೆಲ್ಲ ಹೋಗುತ್ತಿದ್ದದ್ದು ಪ್ರಾಜೆಕ್ಟ್ ಗುಟೆನ್‌ಬರ್ಗ್ ಕಡೆಗೆ. 1971ರಲ್ಲಿ ಮೈಕೆಲ್ ಹಾರ್ಟ್ ಶುರುಮಾಡಿದ ಸಂಗ್ರಹ ಅದು. ಅಲ್ಲಿನ ಟೆಕ್ಸ್ಟ್ ಫೈಲುಗಳಲ್ಲಿ ಸುಮಾರು 70 ಅಕ್ಷರಕ್ಕೊಮ್ಮೆ ಸಾಲು ಮುರಿದಿರುತ್ತಿತ್ತು. ದೊಡ್ಡ ಕಂಪ್ಯೂಟರಿನ ತೆರೆಗೆ ಅದು ಚೆನ್ನ. ಪೈಲಟ್‌ನ ತೆರೆಯೋ ಅಡ್ಡಕ್ಕೆ 160 ಚುಕ್ಕಿ, ಉದ್ದಕ್ಕೆ 160 ಚುಕ್ಕಿ. ಒಂದು ಸಾಲಿನಲ್ಲಿ ಆ 70ರ ಅರ್ಧವೂ ಹಿಡಿಸುವುದು ಕಷ್ಟ. ಎರಡು ಸಾಲು ತುಂಬಿ ಬರುತ್ತವೆ, ಮೂರನೆಯದರಲ್ಲಿ ಒಂದೇ ಒಂದು ಪದ ನಿಂತು ಸಾಲು ಮುರಿಯುತ್ತದೆ. ಮತ್ತೆ ಎರಡು ತುಂಬಿದ ಸಾಲು, ಮತ್ತೊಂದು ಒಂಟಿ ಪದ. ಹೀಗೇ ಪುಸ್ತಕದುದ್ದಕ್ಕೂ. ಕಣ್ಣು ಪ್ರತಿ ಸಲ ಎಡವುತ್ತದೆ.

ಹಾಗಾಗಿ ಫೈಲನ್ನು ಪೈಲಟ್‌ಗೆ ಹಾಕುವ ಮೊದಲು, ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ಮುರಿದ ಸಾಲುಗಳನ್ನು ಕೂಡಿಸಬೇಕಿತ್ತು. ಮಧ್ಯೆ ಖಾಲಿ ಸಾಲು ಇದ್ದರೆ ಹೊಸ ಪ್ಯಾರಾ, ಇಲ್ಲದಿದ್ದರೆ ಕೂಡಿಸು ಅನ್ನುವುದು ನಿಯಮ. ಗದ್ಯಕ್ಕೆ ಇದು ಸಾಕು. ಪದ್ಯ ಬಂತೋ, ನಾಲ್ಕು ಸಾಲೂ ಒಂದಾಗಿ ಗದ್ಯವಾಗಿಬಿಡುತ್ತದೆ. ಅಧ್ಯಾಯಗಳ ಪಟ್ಟಿಯದೂ ಇದೇ ಗತಿ. ಗಿಡ್ಡ ಸಾಲನ್ನು ಮುಟ್ಟಬೇಡ, ಜಾಗ ಬಿಟ್ಟು ಶುರುವಾದ ಸಾಲನ್ನು ಮುಟ್ಟಬೇಡ ಅಂತ ನಿಯಮ ಸೇರಿಸುತ್ತ ಹೋಗಬೇಕು. ನನ್ನ ಪ್ರಕಾರ ಹಿಂಡುವುದಕ್ಕಿಂತ ಇದೇ ಕಷ್ಟದ ಕೆಲಸ. ಹಿಂಡಲು ಲೆಕ್ಕ ಗೊತ್ತಿದ್ದರೆ ಸಾಕು. ಕೂಡಿಸಲು ಬರೆದವನ ಮನಸ್ಸು ಗೊತ್ತಿರಬೇಕು.

1994ರ ಎಚ್‌ಪಿ 200ಎಲ್‌ಎಕ್ಸ್ ಎಂಬ ಇನ್ನೊಂದು ಅಂಗೈ ಕಂಪ್ಯೂಟರ್ ಇಟ್ಟುಕೊಂಡವರಿಗೆ ಈ ರಗಳೆ ಇರಲಿಲ್ಲ. ಅದು ಮೇಜಿನ ಕಂಪ್ಯೂಟರುಗಳ ಹಾಗೆ ಡಾಸ್ ಎಂಬ ಕಾರ್ಯವ್ಯವಸ್ಥೆಯನ್ನು ಓಡಿಸುವ ಪೂರ್ತಿ ಕಂಪ್ಯೂಟರು, ಸಾಲಿಗೆ 80 ಅಕ್ಷರ ತೋರಿಸುತ್ತಿತ್ತು. ಫೈಲನ್ನು ಹಾಗೇ ಕಾಪಿ ಮಾಡಿ ತೆರೆದರಾಯಿತು. ಅಕ್ಷರ ಮಾತ್ರ ಇರುವೆಯಷ್ಟು. ದೊಡ್ಡದು ಮಾಡಿದರೆ ಸಾಲಿಗೆ 40 ಅಕ್ಷರ, ಆಗ ಮತ್ತೆ ಅದೇ ಮುರಿದ ಸಾಲಿನ ಕಥೆ.

ಓದುವ ಸುಖದ ಬಗ್ಗೆಯೂ ಹೇಳಬೇಕು. ಡಾಕ್‌ನಲ್ಲಿ ತೆರೆಯ ಕೆಳಗಿನ ಅರ್ಧ ಒತ್ತಿದರೆ ಮುಂದಿನ ಪುಟ, ಮೇಲಿನ ಅರ್ಧ ಒತ್ತಿದರೆ ಹಿಂದಿನದು. ಎಲ್ಲಿ ನಿಲ್ಲಿಸಿದ್ದಿರೋ ಅಲ್ಲೇ ತೆರೆದುಕೊಳ್ಳುತ್ತಿತ್ತು. ಆಮೇಲೆ ಬಂದ ಸಿ-ಸ್ಪಾಟ್-ರನ್ ಎಂಬ ಓದುವ ಪ್ರೋಗ್ರಾಮು ಪುಕ್ಕಟೆಯಾಗಿ ಸಿಗುತ್ತಿತ್ತು, ಅದರದೂ ಇದೇ ರೀತಿ. ಮೊದಲ ಪೈಲಟ್‌ಗೆ ತೆರೆಯ ದೀಪ ಇರಲಿಲ್ಲ, ಅದು ಬಂದದ್ದು 1997ರಲ್ಲಿ. ಬ್ಯಾಟರಿ ಪೂರ್ತಿ ಸತ್ತರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತಿತ್ತು. ಅದಕ್ಕೇ ಫೈಲಿನ ಇನ್ನೊಂದು ಪ್ರತಿ ಮೇಜಿನ ಕಂಪ್ಯೂಟರಿನಲ್ಲಿ ಇರಲೇಬೇಕಿತ್ತು.

ಯಂತ್ರ ಹೋಯಿತು, ಹಿಂಡುವ ಲೆಕ್ಕ ಉಳಿಯಿತು. ಮೊಬಿಪಾಕೆಟ್ ಎಂಬ ಕಂಪನಿ ತನ್ನ ಇ-ಪುಸ್ತಕಗಳಿಗೆ ಅದನ್ನೇ ಬಳಸಿತು. 2005ರಲ್ಲಿ ಅಮೆಜಾನ್ ಆ ಕಂಪನಿಯನ್ನು ಕೊಂಡಿತು. 2007ರಲ್ಲಿ ಬಂದ, ಇ-ಪುಸ್ತಕ ಓದುವ ಅಮೆಜಾನ್ ಯಂತ್ರ ಕಿಂಡಲ್‌ನ ಪುಸ್ತಕಗಳು ಮೊಬಿಪಾಕೆಟ್ ರೂಪದ ಮೇಲೇ ನಿಂತಿದ್ದವು.

ನಿಮ್ಮ ಹಳೆಯ ಡಿಸ್ಕಿನಲ್ಲಿ ಪಿಡಿಬಿ ಎಂದು ಕೊನೆಯಾಗುವ ಪುಸ್ತಕದ ಫೈಲುಗಳೇನಾದರೂ ಇದ್ದರೆ ಎಸೆಯಬೇಡಿ. ಕ್ಯಾಲಿಬರ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಡಾಕ್ ಪುಸ್ತಕಗಳನ್ನು ಈಗಲೂ ತೆರೆದು ಬೇರೆ ರೂಪಕ್ಕೆ ಬದಲಿಸಿಕೊಡುತ್ತದೆ. ಬದಲಿಸಿದ ಮೇಲೆ ಪದ್ಯ ಇರುವ ಪುಟಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ ನೋಡಿಕೊಳ್ಳಿ. ನಮಸ್ಕಾರ.