ನಿನಗೋಸ್ಕರ ತಾನೇ?

ನಮಸ್ಕಾರ ಕೇಳುಗರೇ. ಇವತ್ತು ಎಸ್‌ಎಸ್‌ಎಲ್‌ಸಿ, ಪಿಯುಸಿ ಓದುವ ಮಕ್ಕಳಿರುವ ಅಪ್ಪ ಅಮ್ಮಂದಿರ ಹತ್ತಿರ ಮಾತಾಡಬೇಕು ಅನಿಸಿದೆ.

ನಾವೆಲ್ಲ ಒಂದು ಮಾತು ಆಡುತ್ತೇವೆ. ನಾನೂ ನನ್ನ ಮಗನಿಗೆ ಅದೆಷ್ಟು ಸಲ ಹೇಳಿದ್ದೇನೋ. "ಇಷ್ಟೆಲ್ಲ ಕಷ್ಟಪಡುತ್ತಿರುವುದು ಯಾರಿಗೋಸ್ಕರ? ನಿನಗೋಸ್ಕರ ತಾನೇ?" ಕೋಚಿಂಗ್ ಫೀಸಿಗೆ ಒಡವೆ ಅಡ ಇಟ್ಟಿರುತ್ತೇವೆ, ಮನೆಯಲ್ಲಿ ಟಿವಿ ಹಚ್ಚುವುದನ್ನೇ ಬಿಟ್ಟಿರುತ್ತೇವೆ, ನೆಂಟರ ಮದುವೆಗೂ ಹೋಗಿರುವುದಿಲ್ಲ. ಎಲ್ಲವೂ ಪ್ರೀತಿಯಿಂದಲೇ, ಸುಳ್ಳಲ್ಲ. ಆದರೆ ಮಗುವಿಗೆ ಅದು ಸಾಲದ ಲೆಕ್ಕದ ಹಾಗೆ ಕೇಳಿಸುತ್ತದೆ. ಅಂಕ ಕಡಿಮೆ ಬಂದ ದಿನ ಈ ಸಾಲ ನನ್ನಿಂದ ತೀರಲ್ಲ ಅನಿಸುತ್ತದೆ, ಆಮೇಲೆ ನಿಧಾನಕ್ಕೆ, ನಾನೇ ಈ ಮನೆಗೆ ಭಾರ, ನಾನಿಲ್ಲದಿದ್ದರೆ ಇವರಾದರೂ ನೆಮ್ಮದಿಯಾಗಿರುತ್ತಾರೆ ಎನ್ನುವ ಯೋಚನೆ ಒಳಗೆ ಬಂದು ಕೂರುತ್ತದೆ. ಅದು ನಿಜವಲ್ಲ, ಖಿನ್ನತೆ ಆಡಿಸುವ ಮಾತು. ಆ ಹೊತ್ತಿನಲ್ಲಿ ಮಗುವಿಗೆ ಮಾತ್ರ ಅದೇ ನಿಜ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13 ಸಾವಿರಕ್ಕೂ ಜಾಸ್ತಿ. ಒಂದೇ ಕಾರಣಕ್ಕೆ ಹೀಗಾಗುವುದಿಲ್ಲ. ಮಗು ಕಳೆದುಕೊಂಡ ಅಪ್ಪ ಅಮ್ಮನ ಮೇಲೆ ತಪ್ಪು ಹೊರಿಸಲು ನಾನು ಬಂದಿಲ್ಲ.

ಖಿನ್ನತೆ ಅಂದರೆ ಯಾವಾಗಲೂ ಅಳು ಅಂದುಕೊಳ್ಳಬೇಡಿ. ಈ ವಯಸ್ಸಿನಲ್ಲಿ ಅದು ಎಷ್ಟೋ ಸಲ ಸಿಡುಕಾಗಿ ಬರುತ್ತದೆ. ಎದುರು ಮಾತಾಡುತ್ತಾರೆ, ರೂಮಿನ ಬಾಗಿಲು ಹಾಕಿಕೊಳ್ಳುತ್ತಾರೆ, ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ, ಜೀವ ಬಿಡುತ್ತಿದ್ದ ಕ್ರಿಕೆಟ್ ಬೇಡವಾಗುತ್ತದೆ. ನಾವು ಅದನ್ನು ಕೊಬ್ಬು ಅಂತ ಬೈಯುತ್ತೇವೆ, ಸೋಮಾರಿತನ ಅನ್ನುತ್ತೇವೆ, ಅಲ್ವಾ? ಎರಡು ವಾರ ಹೀಗೇ ಇದ್ದರೆ ವೈದ್ಯರಿಗೆ ತೋರಿಸಿ. "ಇನ್ನು ನನ್ನ ಕಾಟ ಇರಲ್ಲ ಬಿಡಿ" ಅಂದರೆ, ಇಷ್ಟದ ವಸ್ತುಗಳನ್ನೆಲ್ಲ ಹಂಚತೊಡಗಿದರೆ ಎರಡು ವಾರ ಕಾಯಬೇಡಿ. ಅವತ್ತೇ ಸಹಾಯ ಕೇಳಿ. ಒಬ್ಬರನ್ನೇ ಬಿಡಬೇಡಿ, ಅಪಾಯದ ವಸ್ತುಗಳು ಕೈಗೆ ಸಿಗದಂತೆ ನೋಡಿಕೊಳ್ಳಿ.

ಪಕ್ಕದಲ್ಲಿ ಕೂತು ನೇರವಾಗಿ ಕೇಳಿ. "ಸಾಯಬೇಕು ಅಂತ ಅನಿಸುತ್ತಿದೆಯಾ ಕಂದಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗಾಗುತ್ತದೆ ಎಂಬ ಹೆದರಿಕೆ ಬೇಡ. ಹಾಗಾಗುವುದಿಲ್ಲ, ಎಷ್ಟೋ ಮಕ್ಕಳಿಗೆ ಯಾರಾದರೂ ಕೇಳಿದರಲ್ಲ ಅಂತ ಉಸಿರು ಹಗುರಾಗುತ್ತದೆ. ಅವರು ಹೇಳುವಾಗ ಬುದ್ಧಿ ಹೇಳಬೇಡಿ. ಫೇಲಾಗಿದ್ದರೂ ಅದೇ ವರ್ಷ ಮತ್ತೆ ಬರೆಯುವ ಅವಕಾಶವಿದೆ, ಆ ಮಾತು ಆಮೇಲೆ ಆಡೋಣ.

ಏನು ಹೇಳಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಅಪ್ಪ ಅಮ್ಮನೂ ಮಾಡಬಹುದು. ಈಗ ಒಬ್ಬರೇ ಕೂತು ಇದನ್ನು ಕೇಳುತ್ತಿರುವ ಮಗುವೇ, ನೀನೂ ಮಾಡಬಹುದು. ಪೆನ್ನು ತಗೊಂಡಿದ್ದೀರಾ? 14416. ಇನ್ನೊಮ್ಮೆ ಹೇಳುತ್ತೇನೆ. ಒಂದು, ನಾಲ್ಕು, ನಾಲ್ಕು, ಒಂದು, ಆರು.