ಸ್ಟೇಟಸ್‌ನಲ್ಲಿ ಮಾವು ಬಂದಿದೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮೇ ತಿಂಗಳಲ್ಲಿ ವಾಟ್ಸಾಪ್ ಸ್ಟೇಟಸ್ ತೆರೆದರೆ ಏನೇನು ಕಾಣುತ್ತದೆ ಅಂತ ನಿಮಗೆ ಗೊತ್ತು. ಒಬ್ಬರ ಗೃಹಪ್ರವೇಶ, ಇನ್ನೊಬ್ಬರ ಮಗನ ರಿಸಲ್ಟು, ಅದರ ಬೆನ್ನಿಗೇ ಒಂದು ರಟ್ಟಿನ ಪೆಟ್ಟಿಗೆ ತುಂಬಾ ಮಾವಿನ ಹಣ್ಣು. "ನಮ್ಮ ತೋಟದ ಬಾದಾಮಿ, ಕಾರ್ಬೈಡ್ ಹಾಕಿಲ್ಲ, ಶನಿವಾರ ಬೆಂಗಳೂರಿಗೆ ಗಾಡಿ ಬರುತ್ತೆ, ಬೇಕಾದವರು ಹೇಳಿ." ಹಾಕಿದವರು ಅಂಗಡಿಯವರಲ್ಲ. ನಿಮ್ಮ ಜೊತೆ ಡಿಗ್ರಿ ಓದಿದವರು, ಇಲ್ಲವೇ ಆಫೀಸಿನಲ್ಲಿ ಎರಡು ಟೇಬಲ್ ಆಚೆ ಕೂರುವವರು. ಊರು ಶ್ರೀನಿವಾಸಪುರದ ಕಡೆ ಎಲ್ಲೋ ಇರುತ್ತದೆ. ಅಪ್ಪ ಇನ್ನೂ ತೋಟ ನೋಡಿಕೊಳ್ಳುತ್ತಿರುತ್ತಾರೆ.

ಸೋಷಿಯಲ್ ಮೀಡಿಯಾ ಬಂದ ಮೇಲೆ ನಮ್ಮ ಮಾತು, ನಮ್ಮ ವ್ಯಾಪಾರ ಹೇಗೆ ಬದಲಾಯಿತು ಎನ್ನುವುದಕ್ಕೆ ದೊಡ್ಡ ದೊಡ್ಡ ಕಂಪನಿಗಳ ಕಥೆ ಹೇಳಬಹುದು. ಅದು ಬೇಡ. ಈ ಮಾವಿನ ಪೆಟ್ಟಿಗೆಯ ಹಿಂದೆಯೇ ಹೋಗೋಣ.

ಮೊದಲು ಹೇಗಿತ್ತು ಅಂದರೆ, ಕೋಲಾರ, ರಾಮನಗರದ ಕಡೆ ಎಷ್ಟೋ ತೋಟಗಳು ಹೂವು ಬಿಟ್ಟಾಗಲೇ ಗುತ್ತಿಗೆಗೆ ಹೋಗಿಬಿಡುತ್ತಿದ್ದವು. ಈಗಲೂ ಹೋಗುತ್ತವೆ. ಗುತ್ತಿಗೆದಾರ ಮರ ನೋಡಿ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿ ದುಡ್ಡು ಕೊಡುತ್ತಾನೆ, ಆಮೇಲೆ ಗಾಳಿ ಬೀಸಲಿ, ಆಲಿಕಲ್ಲು ಬೀಳಲಿ, ಅದು ಅವನ ಹಣೆಬರಹ. ಸ್ವಂತಕ್ಕೆ ಕೊಯ್ದವರು ಮಂಡಿಗೆ ಒಯ್ಯುತ್ತಿದ್ದರು. ಹರಾಜು, ಕಮಿಷನ್, ಹಮಾಲಿ, ಗಾಡಿ ಬಾಡಿಗೆ ಎಲ್ಲ ಕಳೆದು ಉಳಿದಷ್ಟು ಕೈಗೆ. ಧಾರಣೆ ಎಷ್ಟಿದೆ ಅಂತ ಗೊತ್ತಾಗಬೇಕಾದರೆ ರೇಡಿಯೋ ಕೇಳಬೇಕು, ಇಲ್ಲದಿದ್ದರೆ ಪೇಟೆಗೆ ಹೋಗಿ ಬಂದವರನ್ನು ಕೇಳಬೇಕು. ರೇಡಿಯೋದವರು ಹೇಳುತ್ತಿದ್ದರು, ರೈತ ಕೇಳಿಸಿಕೊಳ್ಳುತ್ತಿದ್ದ, ತಿರುಗಿ ಮಾತಾಡುವ ಹಾಗಿರಲಿಲ್ಲ. ನಾನೂ ಈಗ ಅದನ್ನೇ ಮಾಡುತ್ತಿದ್ದೇನೆ ಬಿಡಿ.

ಇದು ಬದಲಾಗಿದ್ದು ಯಾರೋ ಕೂತು ಯೋಜನೆ ಹಾಕಿದ್ದರಿಂದಲ್ಲ. 2016ರಲ್ಲಿ ಯುಪಿಐ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೋ ಶುರುವಾಗಿ ಇಂಟರ್ನೆಟ್ ಅಗ್ಗವಾಯಿತು. 2017ರಲ್ಲಿ ವಾಟ್ಸಾಪಿಗೆ ಈ ಇಪ್ಪತ್ನಾಲ್ಕು ಗಂಟೆಯ ಫೋಟೋ ಸ್ಟೇಟಸ್ ಬಂತು, 2018ರಲ್ಲಿ ಸಣ್ಣ ವ್ಯಾಪಾರಿಗಳಿಗೆ ಅಂತಲೇ ವಾಟ್ಸಾಪ್ ಬಿಸಿನೆಸ್ ಬಂತು. ಇವನ್ನೆಲ್ಲ ಮಾಡಿದವರ ತಲೆಯಲ್ಲಿ ಮಾವಿನ ಹಣ್ಣು ಇದ್ದಿರಲಾರದು. ಆಮೇಲೆ 2020ರ ಲಾಕ್‌ಡೌನ್ ಸರಿಯಾಗಿ ಮಾವಿನ ಕಾಲಕ್ಕೇ ಬಂತು. ಹಣ್ಣು ಮರದಲ್ಲಿದೆ, ಮಂಡಿ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ, ಬೆಂಗಳೂರಿನ ಜನ ಮನೆಯಿಂದ ಹೊರಗೆ ಬರುವ ಹಾಗಿಲ್ಲ. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಒಬ್ಬರು ಎಲ್ಲರ ಆರ್ಡರ್ ಒಟ್ಟು ಮಾಡುವುದು, ಒಂದು ಟೆಂಪೋ ಗೇಟಿನ ಮುಂದೆ ಬಂದು ನಿಲ್ಲುವುದು, ಇದೆಲ್ಲ ಜನಕ್ಕೆ ಅಭ್ಯಾಸವಾಗಿದ್ದು ಆಗ. ಸರ್ಕಾರದ ಮಾವು ಅಭಿವೃದ್ಧಿ ನಿಗಮ ಅದಕ್ಕೂ ಮುಂಚೆಯೇ ಕರ್‌ಸಿರಿ ಎಂಬ ವೆಬ್‌ಸೈಟ್ ಮಾಡಿ, ರೈತರ ಹಣ್ಣನ್ನು ಅಂಚೆ ಇಲಾಖೆಯ ಮೂಲಕ ಬೆಂಗಳೂರಿನ ಮನೆ ಬಾಗಿಲಿಗೆ ಕಳಿಸುತ್ತಿತ್ತು. ಪೋಸ್ಟ್‌ಮ್ಯಾನ್ ಕಾಗದ ತರುವುದು ನಿಂತುಹೋದ ಕಾಲದಲ್ಲಿ ಮಾವಿನ ಹಣ್ಣು ತಂದುಕೊಟ್ಟ, ನೋಡಿ.

ಸ್ಟೇಟಸ್‌ನಲ್ಲಿ ಮಾರುವುದು ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಎಷ್ಟೋ ಜನ ಇದನ್ನು ಟಿವಿ ಜಾಹೀರಾತಿನ ಥರ ಅಂದುಕೊಳ್ಳುತ್ತಾರೆ. ಜಾಹೀರಾತು ಗುರುತಿಲ್ಲದವರಿಗೂ ಕಾಣುತ್ತದೆ. ನಿಮ್ಮ ಸ್ಟೇಟಸ್ ಯಾರಿಗಾದರೂ ಕಾಣಬೇಕಾದರೆ ಅವರ ನಂಬರ್ ನಿಮ್ಮ ಫೋನಿನಲ್ಲಿ ಸೇವ್ ಆಗಿರಬೇಕು, ನಿಮ್ಮದು ಅವರ ಫೋನಿನಲ್ಲೂ ಇರಬೇಕು. ಬ್ರಾಡ್‌ಕಾಸ್ಟ್ ಲಿಸ್ಟ್ ಅಂತ ಒಂದಿದೆ, ಒಂದು ಲಿಸ್ಟಿಗೆ 256 ಜನರವರೆಗೆ ಸೇರಿಸಬಹುದು, ಅಲ್ಲೂ ಇದೇ ಮಾತು. ನಿಮ್ಮ ನಂಬರ್ ಇಟ್ಟುಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. ಅಂದರೆ ಈ ವ್ಯಾಪಾರದ ಬಂಡವಾಳ ಏನು? ಯಾರ್‍ಯಾರ ಫೋನಿನಲ್ಲಿ ನಿಮ್ಮ ಹೆಸರಿದೆ ಅನ್ನುವುದು. ಅದು ದುಡ್ಡು ಕೊಟ್ಟರೆ ಸಿಗುವುದಿಲ್ಲ. ಎಲ್ಲಿಂದಲೋ ಸಾವಿರ ನಂಬರ್ ತಂದು ಎಲ್ಲರಿಗೂ ಒಂದೇ ಫೋಟೋ ಕಳಿಸಿದರೆ ಜನ ಬ್ಲಾಕ್ ಮಾಡುತ್ತಾರೆ, ರಿಪೋರ್ಟ್ ಮಾಡುತ್ತಾರೆ, ಕೊನೆಗೆ ವಾಟ್ಸಾಪಿನವರೇ ನಂಬರ್ ಬಂದ್ ಮಾಡುತ್ತಾರೆ. ಹಣ್ಣು ಮರದಲ್ಲೇ ಇರುತ್ತದೆ, ಫೋನ್ ಸತ್ತಿರುತ್ತದೆ.

ಹಾಗಾಗಿ ಇಲ್ಲಿ ಗೆಲ್ಲುವವರು ಮದುವೆ, ಹಬ್ಬ, ಕಷ್ಟಸುಖ ಎಲ್ಲ ವಿಚಾರಿಸುತ್ತಾ ವರ್ಷವಿಡೀ ಸಂಬಂಧ ಇಟ್ಟುಕೊಂಡವರು. ಡಿಸೆಂಬರ್, ಜನವರಿಯಲ್ಲಿ ಹೂವಿನ ಫೋಟೋ ಹಾಕುತ್ತಾರೆ. ಮಾರ್ಚಿನಲ್ಲಿ ಕಾಯಿ ಉದುರಿದ್ದನ್ನೂ ಹಾಕುತ್ತಾರೆ. ನೋಡುವವರಿಗೆ ಆ ತೋಟ ತಮ್ಮದೇ ಅನ್ನಿಸಲು ಶುರುವಾಗಿರುತ್ತದೆ, ಹಣ್ಣು ಬಂದಾಗ ರೇಟಿಗೆ ಜಾಸ್ತಿ ಚೌಕಾಸಿ ಮಾಡುವುದಿಲ್ಲ. ಇದನ್ನು ಮಾರ್ಕೆಟಿಂಗ್ ಅನ್ನಿ, ಇನ್ನೇನಾದರೂ ಅನ್ನಿ, ಮಾಡುವವರಿಗೆ ಆ ಹೆಸರು ಗೊತ್ತಿರಲೇಬೇಕು ಅಂತೇನಿಲ್ಲ.

ಮಾತಿನ ಧಾಟಿಯೂ ಬೇರೆಯಾಗಿದೆ. ಕೋಲಾರದ ಕಡೆ ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ ಆಡುವವರು ಬೇಕಾದಷ್ಟಿದ್ದಾರೆ, ಬೆಂಗಳೂರಿನ ಗಿರಾಕಿ ಹಿಂದಿಯೋ ತಮಿಳೋ ಇರಬಹುದು. ಟೈಪ್ ಮಾಡುತ್ತಾ ಕೂತರೆ ಆಗುವುದಿಲ್ಲ. ವಾಯ್ಸ್ ಮೆಸೇಜ್ ಒಂದು ಒತ್ತಿ "ಅಕ್ಕಾ, ನಾಳೆ ಹನ್ನೊಂದಕ್ಕೆ ಗಾಡಿ ಬರುತ್ತೆ, ಗೇಟ್ ಹತ್ರ ಯಾರಾದ್ರೂ ಇರ್ಲಿ" ಅಂದರೆ ಮುಗಿಯಿತು. ಮುಖ ನೋಡದ ಗಿರಾಕಿ ಕೂಡ ಅಕ್ಕ, ಅಣ್ಣ. ಆ ಕಡೆಯವರು "ಸಾರ್, ಕಳೆದ ಸಲದ ಥರಾನೇ ಕೊಡಿ" ಅನ್ನುತ್ತಾರೆ. ಅಂಗಡಿಯಲ್ಲಿ ಚೀಲ ಹಿಡಿದು ನಿಂತಾಗ ಇಷ್ಟು ಮಾತು ಇರುತ್ತಿರಲಿಲ್ಲ, ಅಲ್ವಾ?

ಈಗ ನನಗೆ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಆನ್‌ಲೈನ್ ಬಂದು ದಲ್ಲಾಳಿ ತಪ್ಪಿದ, ರೈತ ನೇರವಾಗಿ ಗ್ರಾಹಕನಿಗೆ ಮಾರುತ್ತಾನೆ ಅಂತ ಎಲ್ಲ ಕಡೆ ಭಾಷಣ ಕೇಳುತ್ತೇವೆ. ದಲ್ಲಾಳಿ ತಪ್ಪಿರಬಹುದು, ಅವನು ಮಾಡುತ್ತಿದ್ದ ಕೆಲಸ ಎಲ್ಲಿಗೆ ಹೋಯಿತು? ಅದೆಲ್ಲ ಮನೆಗೆ ಬಂತು. ಹಣ್ಣು ಆರಿಸಬೇಕು, ತೂಗಬೇಕು, ಪೇಪರ್ ಹಾಸಿ ಪೆಟ್ಟಿಗೆ ತುಂಬಬೇಕು, ಯಾರು ಎಷ್ಟು ಕೇಳಿದರು ಅಂತ ಬರೆದಿಡಬೇಕು, ವಿಳಾಸ ಸಿಗಲಿಲ್ಲ ಅಂದ ಡ್ರೈವರ್ ಜೊತೆ ಫೋನಿನಲ್ಲಿ ನಿಲ್ಲಬೇಕು, ಬಸ್ಸಿನ ಕಾರ್ಗೋದಲ್ಲಿ ಹಾಕಿದರೆ ಆ ಕಡೆ ಇಳಿಸಿಕೊಂಡರಾ ಅಂತ ನೋಡಬೇಕು, ದುಡ್ಡು ಬಂತಾ ಇಲ್ಲವಾ ಲೆಕ್ಕ ಹಾಕಬೇಕು, ರಾತ್ರಿ ಹತ್ತು ಗಂಟೆಗೆ "ಇನ್ನೂ ಇದೆಯಾ?" ಅಂದವರಿಗೆ ಉತ್ತರ ಕೊಡಬೇಕು. ಈ ಫೋನಿನ ಕೆಲಸ ಹೆಚ್ಚಾಗಿ ಬೀಳುವುದು ಮನೆಯ ಸೊಸೆಗೆ ಅಥವಾ ಕಾಲೇಜಿಗೆ ಹೋಗುವ ಮಗಳಿಗೆ. ಅವಳಿಗೆ ಕಮಿಷನ್ ಇಲ್ಲ. "ಮಂಡಿಗಿಂತ ಕೆಜಿಗೆ ಇಷ್ಟು ಜಾಸ್ತಿ ಸಿಕ್ಕಿತು" ಅಂತ ಅಪ್ಪ ಖುಷಿಯಿಂದ ಹೇಳುವಾಗ ಆ ಲೆಕ್ಕದಲ್ಲಿ ಅವಳ ಕೂಲಿ ಎಲ್ಲೂ ಇರುವುದಿಲ್ಲ. ಅದನ್ನೂ ಕಳೆದು ನೋಡಿದರೆ ಲಾಭ ಎಷ್ಟೋ ಕಡೆ ಅರ್ಧಕ್ಕೆ ಇಳಿಯುತ್ತದೆ ಅಂತ ನನ್ನ ಅನುಮಾನ.

ದಲ್ಲಾಳಿ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದ. ಬೈಗುಳ ತಿನ್ನುವುದು. ಈಗ ಅದೂ ನೇರ.

ಬಾದಾಮಿ ವಿಷಯವನ್ನೇ ತೆಗೆದುಕೊಳ್ಳಿ. ಧಾರವಾಡದ ಕಡೆ ಇದನ್ನೇ ಆಪೂಸು ಅನ್ನುತ್ತಾರೆ. ಇದನ್ನು ಬಲಿತ ಕಾಯಿ ಇದ್ದಾಗಲೇ ಕೊಯ್ಯುತ್ತಾರೆ, ಹುಲ್ಲಿನಲ್ಲಿ ಅಡೆ ಹಾಕಿದರೆ ಸುಮಾರು ಒಂದು ವಾರಕ್ಕೆ ಹಣ್ಣಾಗುತ್ತದೆ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ನಮ್ಮ ದೇಶದಲ್ಲಿ ನಿಷೇಧ ಇದೆ. ಅಡೆಯ ಹಣ್ಣು ಅಂಗಡಿಯ ಹಣ್ಣಿನ ಹಾಗೆ ಎಲ್ಲ ಒಂದೇ ಬಣ್ಣ ಬರುವುದಿಲ್ಲ. ಪೆಟ್ಟಿಗೆ ತೆರೆದ ಗಿರಾಕಿ ಮೊದಲು ಹೇಳುವುದು, "ಏನ್ರೀ, ಕಾಯಿ ಕಳಿಸಿದ್ದೀರಾ?" ತೊಟ್ಟಿನ ಹತ್ತಿರ ಸೊನೆ ಇಳಿದು ಸಿಪ್ಪೆ ಕಪ್ಪಾಗಿದ್ದರೆ ಇನ್ನೊಂದು ದೂರು. ಇವಕ್ಕೆಲ್ಲ ಉತ್ತರ ಹೇಳಬಹುದು. ಕಷ್ಟ ಬರುವುದು ಸ್ಪಂಜಿ ಟಿಶ್ಯೂ ಅನ್ನುವ ದೋಷದಲ್ಲಿ. ಬಾದಾಮಿಗೆ ಇದು ಜಾಸ್ತಿ. ಹೊರಗೆ ಹಣ್ಣು ಚಿನ್ನದಂತೆ ಇರುತ್ತದೆ, ಕತ್ತರಿಸಿದರೆ ಒಳಗೆ ಬೆಳ್ಳಗೆ, ಮೆತ್ತಗೆ, ರುಚಿ ಇಲ್ಲ. ಕತ್ತರಿಸುವವರೆಗೆ ಬೆಳೆದವರಿಗೂ ಗೊತ್ತಾಗುವುದಿಲ್ಲ. ಗಿರಾಕಿ ಅದರ ಫೋಟೋ ತೆಗೆದು ನೂರಾರು ಮನೆಗಳ ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿ "ಇವರ ಹತ್ತಿರ ತಗೋಬೇಡಿ" ಅಂದರೆ, ಚೆನ್ನಾಗಿದ್ದ ಉಳಿದ ಹಣ್ಣಿನ ಫೋಟೋ ಯಾರು ಹಾಕುತ್ತಾರೆ? ಪೆಟ್ಟಿಗೆ ಹೋಗುವ ಮೊದಲೇ "ಹತ್ತರಲ್ಲಿ ಒಂದು ಹೀಗೆ ಬರಬಹುದು, ಬಂದರೆ ಫೋಟೋ ನನಗೆ ಕಳಿಸಿ, ಮುಂದಿನ ಗಾಡಿಯಲ್ಲಿ ಬೇರೆ ಹಣ್ಣು ಕೊಡುತ್ತೇನೆ" ಅಂತ ಹೇಳಿಬಿಡುವವರು ಬಚಾವಾಗುತ್ತಾರೆ. ಬಂದ ಮೇಲೆ ವಾದ ಮಾಡುವವರಿಗೆ ಆ ಗ್ರೂಪು ಆ ವರ್ಷಕ್ಕೆ ಮುಗಿದಂತೆ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಮೋಸ ಇಲ್ಲೇ ಆಗುವುದು. ನಿಮಗೆ ದುಡ್ಡು ಬರಬೇಕಾದರೆ ನೀವು ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. "ನಾನು ಮಿಲಿಟರಿಯವನು, ನಮ್ಮ ಕ್ಯಾಂಪಿಗೆ ಐವತ್ತು ಪೆಟ್ಟಿಗೆ ಬೇಕು, ಅಡ್ವಾನ್ಸ್ ಕಳಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ" ಅಂತ ಯಾರಾದರೂ ಅಂದರೆ ಫೋನ್ ಇಟ್ಟುಬಿಡಿ. ಸ್ಕ್ರೀನ್‌ಶಾಟ್ ತೋರಿಸಿದರೆ ನಂಬಬೇಡಿ, ಬ್ಯಾಂಕ್ ಖಾತೆ ನೋಡಿ. ದುಡ್ಡು ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ರೀಲ್ಸ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ಬ್ಯಾನ್ ಆಯಿತು, ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ತೋಟದಲ್ಲಿ ನಿಂತು ವಿಡಿಯೋ ಮಾಡಿದರೆ ಲಕ್ಷ ಜನ ನೋಡಬಹುದು. ಆದರೆ ಅದರಲ್ಲಿ ಬೀದರ್‌ನವರು, ದುಬೈನವರು ಎಲ್ಲ ಇರುತ್ತಾರೆ, ನಿಮ್ಮ ಗಾಡಿ ಹೋಗುವುದು ಬೆಂಗಳೂರಿಗೆ. ನೋಡಿದವರೆಲ್ಲ ಕೊಳ್ಳುವವರಲ್ಲ. ಇನ್ನು ವಾಟ್ಸಾಪಿನ ಸ್ಟೇಟಸ್ ಜಾಗದಲ್ಲೂ ಕಂಪನಿಗಳ ಜಾಹೀರಾತು ತೋರಿಸುತ್ತೇವೆ ಅಂತ 2025ರ ಜೂನ್‌ನಲ್ಲಿ ವಾಟ್ಸಾಪಿನ ಒಡೆಯ ಕಂಪನಿ ಮೆಟಾ ಹೇಳಿತು. ಪುಕ್ಕಟೆ ಅಂತ ಬೆಳೆಸಿಕೊಂಡ ಸಂತೆಗೆ ದೊಡ್ಡ ಅಂಗಡಿಯವರು ಬರುತ್ತಿದ್ದಾರೆ.

ಇಷ್ಟೆಲ್ಲ ಹೇಳಿದ್ದು ಬಾದಾಮಿ, ರಸಪುರಿ, ಮಲ್ಲಿಕಾ ಮಾತು. ಮನೆಯವರು ಕೂತು ತಿನ್ನುವ ಹಣ್ಣು. ಕೋಲಾರದಲ್ಲಿ ರಾಶಿ ರಾಶಿ ಬೆಳೆಯುವುದು ತೋತಾಪುರಿ. ಅದು ಬಹುಪಾಲು ಹೋಗುವುದು ಪಲ್ಪ್, ಅಂದರೆ ಹಣ್ಣಿನ ತಿರುಳು ತೆಗೆಯುವ ಫ್ಯಾಕ್ಟರಿಗೆ, ಆ ಫ್ಯಾಕ್ಟರಿಗಳು ಹೆಚ್ಚಾಗಿ ಇರುವುದು ಗಡಿಯಾಚೆ ಚಿತ್ತೂರಿನಲ್ಲಿ. 2025ರ ಜೂನ್‌ನಲ್ಲಿ ಬೆಲೆ ಕುಸಿಯಿತು, ಅದೇ ಹೊತ್ತಿಗೆ ಕರ್ನಾಟಕದ ತೋತಾಪುರಿ ಒಳಗೆ ಬರಬಾರದು ಎಂದು ಚಿತ್ತೂರು ಜಿಲ್ಲಾಡಳಿತ ಆದೇಶ ಹೊರಡಿಸಿತು. ನಮ್ಮ ಮುಖ್ಯಮಂತ್ರಿ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ಕೊನೆಗೆ 2.5 ಲಕ್ಷ ಟನ್‌ವರೆಗಿನ ಹಣ್ಣಿಗೆ ಬೆಲೆಯ ಕೊರತೆ ತುಂಬಿಕೊಡಲು ಕೇಂದ್ರ ಒಪ್ಪಿತು. ಆಗಲೂ ಫೋನ್ ಸುಮ್ಮನಿರಲಿಲ್ಲ. ರಸ್ತೆ ಬದಿಯಲ್ಲಿ ಸುರಿದ ಹಣ್ಣಿನ ವಿಡಿಯೋಗಳು ಊರೂರು ಸುತ್ತಿದವು, ಜನ ಅಯ್ಯೋ ಅಂದರು, ಶೇರ್ ಮಾಡಿದರು. ಆದರೆ ಒಂದು ಲಾರಿ ತೋತಾಪುರಿಯನ್ನು ಯಾವ ಅಪಾರ್ಟ್‌ಮೆಂಟ್ ಗ್ರೂಪು ಕೊಂಡುಕೊಳ್ಳುತ್ತದೆ? ಉಪ್ಪು ಖಾರ ಹಾಕಿ ತಿನ್ನುವುದಕ್ಕೆ ಮನೆಗೆ ಎರಡು ಕಾಯಿ ಸಾಕು. ತೋತಾಪುರಿ ಬೆಳೆಯುವವರು ವರ್ಷಗಳಿಂದ ಕೇಳುತ್ತಿರುವುದು ತಮ್ಮ ಜಿಲ್ಲೆಯಲ್ಲೇ ಒಂದು ಒಳ್ಳೆಯ ಪಲ್ಪ್ ಫ್ಯಾಕ್ಟರಿ ಮತ್ತು ಕೊಯ್ಲಿಗೆ ಮುಂಚೆಯೇ ಗೊತ್ತಾಗುವ ಒಂದು ಬೆಲೆ. ಇವೆರಡೂ ಯಾವ ಆ್ಯಪಿನಲ್ಲೂ ಡೌನ್‌ಲೋಡ್ ಆಗುವುದಿಲ್ಲ.

ಕೇಳಿದ್ದಕ್ಕೆ ಧನ್ಯವಾದ. ನಮಸ್ಕಾರ.