ಹುಣಸೆ ಬೀಜದ ಪೋಕರ್

ನಮಸ್ಕಾರ ಎಲ್ಲರಿಗೂ. ಮೇಜಿನ ಮೇಲೆ ಕಾಣುತ್ತಿರುವುದು ಹುಣಸೆ ಬೀಜ. ನಮ್ಮ ಮನೆಯಲ್ಲಿ ಪೋಕರ್‌ಗೆ ಇದೇ ದುಡ್ಡು. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನಿನ ಪ್ರಕಾರ ದುಡ್ಡು ಕಟ್ಟಿಸಿಕೊಂಡು ಆನ್‌ಲೈನ್‌ನಲ್ಲಿ ಪೋಕರ್, ರಮ್ಮಿ ಆಡಿಸುವ ಹಾಗಿಲ್ಲ. ಕಲಿಯೋದಕ್ಕೆ ದುಡ್ಡು ಬೇಕಾಗೂ ಇಲ್ಲ ಬಿಡಿ. ಆದರೆ ಎಣಿಸೋಕೆ ಏನಾದರೂ ಬೇಕೇ ಬೇಕು. ಬರೀ ಬಾಯಲ್ಲಿ "ಐವತ್ತು, ನೂರು" ಅಂತ ಕೂಗಿಕೊಂಡು ಆಡಿದರೆ ಯಾರೂ ಎಲೆ ಕೆಳಗಿಟ್ಟು ಆಟ ಬಿಡುವುದಿಲ್ಲ. ಎಲೆ ಬಿಡದಿದ್ದರೆ ಅದು ಪೋಕರ್ರೇ ಅಲ್ಲ.

ಆಡುವುದು ಟೆಕ್ಸಸ್ ಹೋಲ್ಡೆಮ್. ಪ್ರತಿಯೊಬ್ಬರಿಗೂ ಎರಡು ಎಲೆ ಮುಚ್ಚಿ ಕೊಡುತ್ತಾರೆ. ಆಮೇಲೆ ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ ಬೀಳುತ್ತವೆ: ಮೊದಲು ಮೂರು, ಅದು ಫ್ಲಾಪ್. ಆಮೇಲೆ ಒಂದು, ಟರ್ನ್. ಕೊನೆಗೆ ಒಂದು, ರಿವರ್. ಒಟ್ಟು ಏಳರಲ್ಲಿ ಚೆನ್ನಾಗಿರುವ ಐದೇ ಲೆಕ್ಕಕ್ಕೆ. ಮಧ್ಯದ ಎಲೆ ಬೀಳುವ ಮೊದಲು ಒಂದು ಸುತ್ತು, ಬಿದ್ದಾಗಲೆಲ್ಲ ಒಂದೊಂದು ಸುತ್ತು ಬೆಟ್, ಅಂದರೆ ಮಧ್ಯಕ್ಕೆ ಬೀಜ ಹಾಕುವುದು. ಯಾರೂ ಬೆಟ್ ಮಾಡಿಲ್ಲ ಅಂದರೆ ಚೆಕ್ ಅಂತ ಸುಮ್ಮನಿರಬಹುದು. ಮಾಡಿದ್ದರೆ ಅಷ್ಟೇ ಹಾಕಿ ಮುಂದುವರಿಯಿರಿ, ಏರಿಸಿ, ಇಲ್ಲ ಎಲೆ ಬಿಟ್ಟು ಪ್ಯಾಕ್ ಆಗಿ.

ಮೂರೆಲೆ ಆಡಿ ಬಂದವರು ಸ್ವಲ್ಪ ಇಲ್ಲಿ ಕೇಳಿ. ಮೂರೆಲೆಯಲ್ಲಿ ಸೀಕ್ವೆನ್ಸ್, ಅಂದರೆ ಸಾಲು, ದೊಡ್ಡದು; ಕಲರ್, ಅಂದರೆ ಒಂದೇ ಜಾತಿಯ ಎಲೆ, ಚಿಕ್ಕದು. ಪೋಕರ್‌ನಲ್ಲಿ ಉಲ್ಟಾ! ಐದು ಎಲೆ ಒಂದೇ ಜಾತಿಯವಾದರೆ ಅದು ಫ್ಲಶ್, ಐದು ಎಲೆ ಸಾಲಾಗಿ ಬಂದರೆ ಸ್ಟ್ರೈಟ್. ಫ್ಲಶ್ಶೇ ಮೇಲು. ಯಾಕೆ ಅಂದರೆ ಅಪರೂಪಕ್ಕೆ ಬರೋದಕ್ಕೆ ಬೆಲೆ ಜಾಸ್ತಿ. ಮೂರು ಎಲೆಯಲ್ಲಿ ಬರೀ ಸೀಕ್ವೆನ್ಸ್ 720 ಥರ ಬರಬಹುದು, ಕಲರ್ 1,096 ಥರ. ಐದು ಎಲೆಗೆ ಹೋದರೆ ಸ್ಟ್ರೈಟ್ 10,200, ಫ್ಲಶ್ 5,108. ನಮ್ಮ ಮನೆಯಲ್ಲಿ ಈ ಒಂದು ವಿಷಯಕ್ಕೆ ಆದಷ್ಟು ಜಗಳ ಬೇರೆ ಯಾವುದಕ್ಕೂ ಆಗಿಲ್ಲ.

ಉಳಿದದ್ದು ಸುಲಭ. ಕೆಳಗಿನಿಂದ ಜೋಡಿ, ಎರಡು ಜೋಡಿ, ಒಂದೇ ಥರದ ಮೂರು, ಸ್ಟ್ರೈಟ್, ಫ್ಲಶ್. ಅದರ ಮೇಲೆ ಫುಲ್ ಹೌಸ್, ಅಂದರೆ ಮೂರು ಮತ್ತು ಒಂದು ಜೋಡಿ. ಆಮೇಲೆ ಒಂದೇ ಥರದ ನಾಲ್ಕು. ಎಲ್ಲಕ್ಕಿಂತ ಮೇಲೆ ಒಂದೇ ಜಾತಿಯಲ್ಲಿ ಸಾಲು. ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಇಟ್ಟುಬಿಡಿ.

ಹೊಸಬರು ಸೋಲುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಕೈಗೆ ಬಂದ ಎಲೆಗಳನ್ನೆಲ್ಲ ಆಡುತ್ತಾರೆ. ಕೈಯಲ್ಲೇ ಜೋಡಿ ಬರುವುದು 17ರಲ್ಲಿ ಒಂದು ಸಲ. ಎರಡು ಎಕ್ಕ ಬರುವುದು 221ರಲ್ಲಿ ಒಂದು ಸಲ. ಹಾಗಾಗಿ ಹೆಚ್ಚಿನ ಸಲ ಪ್ಯಾಕ್ ಆಗೋದೇ ಸರಿ. ಬೇರೆ ಬೇರೆ ಜಾತಿಯ ಏಳು, ಎರಡು ಬಂತಾ? ನೋಡಿದ ತಕ್ಷಣ ಬಿಡಿ.

ಈಗ ಈ ಆಟ ನೋಡಿ. ಡೀಲರ್ ಜಾಗದಲ್ಲಿ ಅತ್ತಿಗೆ. ಅವರ ಎಡಕ್ಕೆ ನಾನು, ಸ್ಮಾಲ್ ಬ್ಲೈಂಡ್, ಒಂದು ಬೀಜ. ಆಮೇಲೆ ಅಕ್ಕ, ಬಿಗ್ ಬ್ಲೈಂಡ್, ಎರಡು ಬೀಜ. ಬ್ಲೈಂಡ್ ಅಂದರೆ ಎಲೆ ನೋಡುವ ಮೊದಲೇ ಹಾಕಲೇಬೇಕಾದದ್ದು. ಮೊದಲ ಮಾತು ತಮ್ಮನದು. ಕಳಾವರ್ ರಾಜ, ಹತ್ತು ಹಿಡಿದು ಆರು ಬೀಜಕ್ಕೆ ಏರಿಸಿದ. ಅತ್ತಿಗೆ ಹತ್ತಿರ ಆಟೀನ್ ಒಂಬತ್ತು, ಎಂಟು. ಅವರೂ ಆರು ಹಾಕಿದರು. ನಾನು, ಅಕ್ಕ ಪ್ಯಾಕ್. ಮಧ್ಯದಲ್ಲಿ ಹದಿನೈದು ಬೀಜ.

ಫ್ಲಾಪ್ ಬಿತ್ತು: ಆಟೀನ್ ರಾಜ, ಆಟೀನ್ ಐದು, ಇಸ್ಪೀಟ್ ಎರಡು. ತಮ್ಮನಿಗೆ ರಾಜನ ಜೋಡಿ. ಅತ್ತಿಗೆಗೆ ಇನ್ನೊಂದು ಆಟೀನ್ ಬಿದ್ದರೆ ಫ್ಲಶ್. ತಮ್ಮ ಹಾಕಿದ್ದು ಬರೀ ಮೂರು ಬೀಜ, ಕಂಜೂಸ್! ಈಗ ಅತ್ತಿಗೆ ಲೆಕ್ಕ ಕೇಳಿ. ಅವರೂ ಮೂರು ಹಾಕಿದರೆ ಮಧ್ಯದಲ್ಲಿ ಇಪ್ಪತ್ತೊಂದು. ಅಂದರೆ ಏಳರಲ್ಲಿ ಒಂದು ಸಲ ಗೆದ್ದರೂ ಅಸಲಿಗೆ ಮೋಸವಿಲ್ಲ. ಕಾಣದ 47 ಎಲೆಗಳಲ್ಲಿ ಆಟೀನ್ ಇನ್ನೂ ಒಂಬತ್ತು ಇವೆ, ಹೆಚ್ಚುಕಡಿಮೆ ಐದರಲ್ಲಿ ಒಂದು. ಹಾಕಲೇಬೇಕು, ಹಾಕಿದರು. ಅದೇ ತಮ್ಮ ಹದಿನೈದು ಹಾಕಿದ್ದರೆ? ಆಗ ಮೂರರಲ್ಲಿ ಒಂದು ಸಲ ಗೆಲ್ಲಬೇಕಾಗುತ್ತಿತ್ತು. ಬರೀ ಮುಂದಿನ ಎಲೆ ನಂಬಿ ಅಷ್ಟು ಹಾಕೋಕೆ ಆಗಲ್ಲ.

ಟರ್ನ್, ಇಸ್ಪೀಟ್ ಎಕ್ಕ. ಎಕ್ಕ ಕಂಡು ತಮ್ಮನ ಮುಖ ನೋಡಿ. ಚೆಕ್ ಅಂದ. ಅತ್ತಿಗೆಯೂ ಚೆಕ್, ರಿವರ್ ಪುಕ್ಕಟೆ ಸಿಕ್ಕಿತು. ಕೊನೆಯಲ್ಲಿ ಮಾತಾಡುವ ಜಾಗದ ಲಾಭ ಇದು. ಎದುರಿನವನು ಏನು ಮಾಡಿದ ಅಂತ ನೋಡಿಕೊಂಡು ನೀವು ಮಾಡಬಹುದು. ಅದಕ್ಕೇ ಡೀಲರ್ ಜಾಗದಲ್ಲಿ ಒಂದಿಷ್ಟು ಜಾಸ್ತಿ ಎಲೆ ಆಡಿದರೂ ನಡೆಯುತ್ತದೆ. ಮೊದಲ ಮಾತು ನಿಮ್ಮದಾದರೆ ಕೈ ಬಿಗಿ ಇರಲಿ.

ರಿವರ್ ಕಳಾವರ್ ಏಳು. ಆಟೀನ್ ಬರಲಿಲ್ಲ. ತಮ್ಮ ಹತ್ತು ಹಾಕಿದ, ಅತ್ತಿಗೆ ನಗುತ್ತಾ ಎಲೆ ಬಿಟ್ಟರು. ಸೋತರೂ ಅವರು ಆಡಿದ ರೀತಿ ಸರಿ, ಗೆದ್ದರೂ ತಮ್ಮ ಫ್ಲಾಪ್‌ನಲ್ಲಿ ಹಾಕಿದ ಮೂರು ಬೀಜ ತಪ್ಪು. ಇದು ಅವನ ತಲೆಗೆ ಇನ್ನೂ ಹೋಗಿಲ್ಲ.

ಹಿಂದೆ ನಿಂತು ನೋಡುತ್ತಿದ್ದ ಚಿಕ್ಕಪ್ಪ ಮಾತ್ರ ಬಿಡಲಿಲ್ಲ. "ಎಕ್ಕ ಬಿದ್ದಾಗಲೇ ಹನ್ನೆರಡು ಹಾಕಬೇಕಿತ್ತಮ್ಮಾ, ಇವನು ಓಡಿಹೋಗ್ತಿದ್ದ" ಅಂದರು. ನಿಜವೇ. ಬ್ಲಫ್ ಅಂದರೆ ಎದುರಿನವನು ನಂಬುವಂಥ ಸುಳ್ಳು. ಅತ್ತಿಗೆ ಹತ್ತಿರ ಎಕ್ಕ ಇದೆ ಅಂತ ತಮ್ಮ ಆಗಲೇ ಅರ್ಧ ನಂಬಿದ್ದ. ಆದರೆ ಬ್ಲಫ್‌ಗೆ ಹೆದರುವವರ ಮೇಲೆ ಮಾತ್ರ ಬ್ಲಫ್ ಮಾಡಿ. ಚಿಕ್ಕಪ್ಪ ಆಟಕ್ಕೆ ಕೂತರೆ ನಾನಂತೂ ಮಾಡಲ್ಲ, ಅವರು ಪ್ಯಾಕ್ ಆಗಿದ್ದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿಲ್ಲ.